ಗುರುವಿನ ಮನೆ ಸೇರಿದ ಮೇಲೆ ಕಥೆ ನಿಂತೇಹೋಗುತ್ತೆ, ಏನು ಮಾಡೋದು?

ಹಾಳೆಹುಳು:
ಫ್ಯಾಂಟಸಿ ಕಾದಂಬರಿ, ಕರಡು ಸುಮಾರು 60,000 ಪದ. ಹದಿನಾರರ ಹುಡುಗಿ ಗಾಳಿ ಕಟ್ಟುವ ವಿದ್ಯೆ ಕಲಿಯಲು ಗುರುವಿನ ಮನೆ ಸೇರ್ತಾಳೆ. 5ರಿಂದ 15ನೇ ಅಧ್ಯಾಯದವರೆಗೆ ಬರೀ ಕಲಿಕೆ. ಓದಿದವರು ಏಳನೆಯದಕ್ಕೇ ಕೈಬಿಟ್ಟರು. ಕತ್ತರಿಸಿದರೆ ‘ಇಷ್ಟು ಬೇಗ ಹೇಗೆ ಕಲಿತಳು?’ ಅಂತಾರೆ. ಎಷ್ಟು ಉಳಿಸಬೇಕು?

ಮಸಿಕುಡಿಕೆ:
ಹನ್ನೊಂದು ಅಧ್ಯಾಯಗಳಲ್ಲೂ ಒಂದೇ ಘಟನೆ ಇರಬೇಕು: ಗುರು ಹೇಳಿಕೊಡ್ತಾರೆ, ಇವಳಿಗೆ ಬರಲ್ಲ, ಸಂಜೆಗೆ ಬರುತ್ತೆ. ಪ್ರತಿ ಅಧ್ಯಾಯದ ಪಕ್ಕ ಎರಡು ಸಾಲು ಬರೆಯಿರಿ: ಅವಳಿಗೆ ಹೊಸದಾಗಿ ಏನು ಬಂತು, ಅದಕ್ಕೆ ಏನು ತೆತ್ತಳು. ಎರಡನೇ ಸಾಲು ಖಾಲಿ ಉಳಿದ ಅಧ್ಯಾಯಗಳನ್ನೆಲ್ಲ ಸೇರಿಸಿ ಒಂದು ಪ್ಯಾರಾ ಮಾಡಿ.

ಕಚನ ಕಥೆ ನೋಡಿ. ಸಂಜೀವಿನಿ ಕಲಿಯಲು ಶುಕ್ರಾಚಾರ್ಯರ ಬಳಿ ಬಂದವನು ದನ ಕಾಯ್ತಾನೆ, ಹೂವು ತರ್ತಾನೆ, ಅಸುರರ ಕೈಲಿ ಮೂರು ಸಲ ಸಾಯ್ತಾನೆ. ಮೂರನೇ ಸಲ ಸುಟ್ಟ ಬೂದಿಯನ್ನು ಹೆಂಡದಲ್ಲಿ ಕಲಸಿ ಗುರುವಿಗೇ ಕುಡಿಸ್ತಾರೆ. ಶಿಷ್ಯ ಹೊರಬರಬೇಕಾದರೆ ಗುರುವಿನ ಹೊಟ್ಟೆ ಸೀಳಬೇಕು. ಹಾಗಾಗಿ ಹೊಟ್ಟೆಯೊಳಗಿರುವಾಗಲೇ ಮಂತ್ರೋಪದೇಶ. ಹೊರಬಂದವನು ಮೊದಲು ಬದುಕಿಸೋದು ಸತ್ತುಬಿದ್ದ ಗುರುವನ್ನೇ. ಪಾಠವೂ ಪರೀಕ್ಷೆಯೂ ಒಟ್ಟಿಗೇ ಮುಗೀತು. ಆಮೇಲೆ ಗುರುವಿನ ಮಗಳು ದೇವಯಾನಿಯ ಶಾಪದಿಂದ ಆ ವಿದ್ಯೆ ಅವನ ಕೈಯಲ್ಲಿ ಫಲಿಸೋದೂ ಇಲ್ಲ, ಅವನಿಂದ ಕಲಿತವರಿಗಷ್ಟೇ. ಇಷ್ಟಾದ ಮೇಲೆ ‘ಹೇಗೆ ಕಲಿತ’ ಅಂತ ಯಾರು ಕೇಳ್ತಾರೆ?

ಬೆಳ್ಳಿಕಡ್ಡಿ:
ಒಪ್ಪಿದೆ, ಆದರೆ ನಿಧಾನವೇ ತಪ್ಪಲ್ಲ. ಉರ್ಸುಲಾ ಲೆಗ್ವಿನ್ ಅವರ 1968ರ ಅರ್ಥ್‌ಸೀ ಕಾದಂಬರಿಯಲ್ಲಿ ಗುರು ಓಗಿಯನ್ ದಿನಗಟ್ಟಲೆ ಸುಮ್ಮನೆ ನಡೀತಾನೆ. ಹಾದಿಬದಿಯ ಒಂದು ಗಿಡ ತೋರಿಸ್ತಾನೆ. ಇದರಿಂದ ಏನುಪಯೋಗ ಅಂತ ಶಿಷ್ಯ ಗೆಡ್ ಕೇಳಿದರೆ, ನನಗೆ ತಿಳಿದಂತೆ ಏನೂ ಇಲ್ಲ ಅನ್ನೋ ಉತ್ತರ. ಹುಡುಗನ ಅವಸರ ಅಲ್ಲೇ ಹಲ್ಲು ಕಡಿಯುತ್ತೆ. ಮುಂದೆ ರೋಕ್‌ನ ಶಾಲೆಯಲ್ಲಿ ಪಂಥಕ್ಕೆ ಬಿದ್ದು ಸತ್ತವಳನ್ನು ಕರೆದು, ಜೊತೆಗೆ ನೆರಳೊಂದನ್ನೂ ಒಳಗೆ ಬಿಟ್ಟುಕೊಳ್ಳೋದು ಇದೇ ಅವಸರ. ನಿಮ್ಮ ನಿಧಾನದ ಅಧ್ಯಾಯ ಮುಂದಿನ ತಪ್ಪಿಗೆ ಬೀಜ ಹಾಕಿದರೆ ಉಳಿಸಿ.

ಇನ್ನೊಂದು, ವಿದ್ಯೆ ಪೂರ್ತಿ ಕಲಿಸಿಬಿಡಬೇಡಿ. ಅಶ್ವತ್ಥಾಮನಿಗೆ ಬ್ರಹ್ಮಾಸ್ತ್ರ ಬಿಡೋಕೆ ಬರುತ್ತೆ, ಹಿಂದಕ್ಕೆ ಕರೆಯೋಕೆ ಬರಲ್ಲ. ಅರ್ಜುನ ತನ್ನದನ್ನು ವಾಪಸ್ ಪಡೀತಾನೆ, ಇವನದು ಉತ್ತರೆಯ ಗರ್ಭಕ್ಕೆ ತಿರುಗುತ್ತೆ.

ಹಾಳೆಹುಳು:
ಅಂದ್ರೆ ಕಟ್ಟೋದು ಬರುತ್ತೆ, ಬಿಚ್ಚೋದು ಬರಲ್ಲ. ಆದರೆ ಊರಿಗೆ ಅದರಿಂದೇನು ನಷ್ಟ? ಬಿರುಗಾಳಿ ನಿಂತರೆ ಒಳ್ಳೇದೇ ಅಲ್ವಾ?

ಮಸಿಕುಡಿಕೆ:
ಸುಗ್ಗಿಯಲ್ಲಿ ಕಟ್ಟಿಸಿ. ಕಣದಲ್ಲಿ ರಾಗಿ ಬಡಿದು ರಾಶಿ ಹಾಕಿದೆ, ತೂರೋಕೆ ಗಾಳಿಯಿಲ್ಲ. ಮೊರ ಎತ್ತಿ ಸುರಿದರೆ ಕಾಳೂ ಹೊಟ್ಟೂ ಒಂದೇ ಕಡೆ ಬೀಳುತ್ತೆ. ಮೂರನೇ ದಿನ ಮೋಡ ಕವಿಯುತ್ತೆ. ರಾಶಿ ನೆನೆದರೆ ಮೊಳಕೆ, ಬೂಷ್ಟು. ಬಿಚ್ಚೋದನ್ನು ಕೇಳೋಕೆ ಜಗಳವಾಡಿ ಬಿಟ್ಟುಬಂದ ಗುರುವಿನ ಮನೆಗೇ ವಾಪಸ್ ಹೋಗಬೇಕು. 5, 6ನೇ ಅಧ್ಯಾಯ ಮೊದಲ ಸಲ ಗುರುವಿನ ಮನೆಗೆ ಹೋಗೋದು, 7 ಗಾಳಿ ಕಟ್ಟೋದು, 8 ಕಣ. ಉಳಿದ ಏಳು ಅಧ್ಯಾಯ ತೆಗೆದು ಬೇರೆ ಫೈಲ್‌ನಲ್ಲಿಡಿ, ಅಳಿಸಬೇಡಿ. ವಾಪಸ್ ಹೋದಾಗ ಅದರಿಂದ ಒಂದೆರಡು ದೃಶ್ಯ ಬೇಕಾಗುತ್ತೆ.