ಇದು ನೀಲಕುರಿಂಜಿಯೇ? ‘ಗುರಿಗೆ’ (ಕುರಿಂಜಿ ಗುಂಪಿನ) ಗಿಡ ಬಲ್ಲವರು ತಿಳಿಸಿ

ನಮಸ್ಕಾರ. ಬಾಬಾಬುಡನ್‌ಗಿರಿಯ ಹುಲ್ಲುಗಾವಲಿನ ಅಂಚಿನಲ್ಲಿ ಸೊಂಟದೆತ್ತರದ ನೀಲಿ ಹೂವಿನ ಪೊದೆಯೊಂದನ್ನು ಕಂಡೆ. ಜೊತೆಗಿದ್ದವರೆಲ್ಲ ನೋಡಿದ ತಕ್ಷಣ ‘ನೀಲಕುರಿಂಜಿ’ ಎಂದುಬಿಟ್ಟರು. ನಮ್ಮಲ್ಲಿ ನೀಲಿಯಾಗಿ ಅರಳಿದ ಗುರಿಗೆಗೆಲ್ಲ ಅದೇ ಹೆಸರು!

2018ರಲ್ಲಿ ಮುನ್ನಾರ್‌ನಲ್ಲಿ ಹನ್ನೆರಡು ವರ್ಷಗಳ ಬಳಿಕ ಅರಳಿದ ನಿಜವಾದ ನೀಲಕುರಿಂಜಿ ಸ್ಟ್ರೊಬಿಲಾಂಥಸ್ ಕುಂತಿಯಾನ. ಅದರ ಎಲೆಗೆ ತೊಟ್ಟಿದೆ, ಅಡಿಭಾಗ ಬೆಳ್ಳಗಿರುತ್ತದೆ. ನಾನು ಕಂಡ ಗಿಡದ ಎಲೆಗಳು ಕಾಂಡಕ್ಕೇ ಅಂಟಿಕೊಂಡಿವೆ, ಮೈತುಂಬ ರೋಮ. ಹಾಗಾದರೆ ಅದೇ ಗುಂಪಿನ ಸ್ಟ್ರೊಬಿಲಾಂಥಸ್ ಸೆಸಿಲಿಸ್ ಇರಬಹುದೇ? ಆ ಹೆಸರಿನ ಅರ್ಥವೇ ‘ತೊಟ್ಟಿಲ್ಲದ್ದು’. ಆದರೆ ಬುಡದ ಒಂದೆರಡು ಎಲೆಗಳಿಗೆ ಉಗುರಿನಷ್ಟು ತೊಟ್ಟಿದೆ. ಅಲ್ಲೇ ನಾನು ಸಿಕ್ಕಿಬಿದ್ದಿರುವುದು.

ಇನ್ನೊಂದು ಗೊಂದಲ ಕುಲದ (ಜೀನಸ್, ಅಂದರೆ ಹೆಸರಿನ ಮೊದಲ ಪದದ) ಹೆಸರಿನದು. ಡಚ್ ಸಸ್ಯಶಾಸ್ತ್ರಜ್ಞ ಬ್ರೆಮೆಕ್ಯಾಂಪ್ 1944ರಲ್ಲಿ ಸ್ಟ್ರೊಬಿಲಾಂಥಸ್ ಗುಂಪನ್ನು ಹತ್ತಾರು ಕುಲಗಳಾಗಿ ಒಡೆದರು. ಹಾಗಾಗಿ ಹಳೆಯ ಪಟ್ಟಿಗಳಲ್ಲಿ ಸೆಸಿಲಿಸ್ ಗಿಡ ‘ಪ್ಲಿಯೋಕಾಲಸ್’ ಕುಲದಲ್ಲಿದೆ, ಅದೇ ಗುಂಪಿನ ಇನ್ನೊಂದು ಗಿಡ ಕಾರ್ವಿ ‘ಕಾರ್ವಿಯ’ದಲ್ಲಿದೆ. ನಂತರದವರು ಎಲ್ಲವನ್ನೂ ಮತ್ತೆ ಸ್ಟ್ರೊಬಿಲಾಂಥಸ್‌ಗೇ ಸೇರಿಸಿದರು. ಒಡೆದ ಮನೆ ಮತ್ತೆ ಒಂದಾಯಿತು, ಪಹಣಿ ಮಾತ್ರ ಎರಡೆರಡು ಉಳಿಯಿತು! ಗುರಿಗೆ ಆಡುಸೋಗೆ, ಕನಕಾಂಬರಗಳ ಕುಟುಂಬದ್ದೇ ಎಂಬುದರಲ್ಲಿ ಮಾತ್ರ ಯಾರಿಗೂ ತಕರಾರಿಲ್ಲ.

ಎಲೆ, ಹೂತೆನೆ, ಕಾಂಡದ ಚಿತ್ರಗಳನ್ನು ಹಾಕಿದ್ದೇನೆ. ಗಿಡವನ್ನು ಕಿತ್ತಿಲ್ಲ. ಮುಂದಿನ ವಾರ ಮತ್ತೆ ಹೋಗುತ್ತೇನೆ. ಕೇಸರಗಳನ್ನು ಎಣಿಸಬೇಕೇ, ಹೂವಿನ ಒಳಭಾಗದ ಚಿತ್ರ ಬೇಕೇ? ಬಲ್ಲವರು ದಯವಿಟ್ಟು ಹೇಳಿ.