ಒಮರ್ ಷರೀಫ್ ಸಿನಿಮಾ: ಮುಂದೆ ಯಾವ್ದು ನೋಡ್ಲಿ?

ಸಾಗರದ ಹುಡುಗ:
ಮೊನ್ನೆ ಜೋರು ಮಳೆ, ಕರೆಂಟು ಹೋಗೋದು ಬರೋದು ಮಾಡ್ತಿತ್ತು, ಅದ್ರ ಮಧ್ಯೆನೇ ಅಂತೂ ಲಾರೆನ್ಸ್ ಆಫ್ ಅರೇಬಿಯಾ ನೋಡಿ ಮುಗಿಸ್ದೆ. ಮರಳುಗಾಡಲ್ಲಿ ಈಜಿಪ್ಟಿನ ನಟ ಒಮರ್ ಷರೀಫ್ ದೂರದಿಂದ ಕಪ್ಪು ಚುಕ್ಕೆ ಥರ ಒಂಟೆ ಮೇಲೆ ಬರ್ತಾ ಬರ್ತಾ ದೊಡ್ಡದಾಗ್ತಾರಲ್ಲ, ಆ ಸೀನ್ ಇನ್ನೂ ಕಣ್ಣಲ್ಲೇ ಇದೆ. ಇವ್ರ ಬೇರೆ ಒಳ್ಳೆ ಪಾತ್ರ ಹೇಳ್ರಪ್ಪಾ.

ತೀರ್ಥಹಳ್ಳಿ ೭೭:
ಅದು 1962ರದ್ದು, ಆ ಪಾತ್ರಕ್ಕೆ ಆಸ್ಕರ್ ನಾಮಿನೇಷನ್ ಸಿಕ್ಕಿತ್ತು. 1965ರಲ್ಲಿ ಅದೇ ಸಿನಿಮಾದ ನಿರ್ದೇಶಕ ಡೇವಿಡ್ ಲೀನ್ ಜೊತೆ ಡಾಕ್ಟರ್ ಜಿವಾಗೊ ಮಾಡಿದ್ರು ನೋಡಿ. ಮಾತು ಕಮ್ಮಿ, ಎಲ್ಲ ಕಣ್ಣಲ್ಲೇ.

ತುಂಗಾ ತೀರ:
ಹಾಲಿವುಡ್ ಒಂದೇ ನೋಡಿದ್ರೆ ಅರ್ಧ ನೋಡ್ದಂಗೆ ಮಾರಾಯ್ರೇ! ಅವ್ರು ಶುರು ಮಾಡಿದ್ದು 1954ರಲ್ಲಿ ನಿರ್ದೇಶಕ ಯೂಸುಫ್ ಶಾಹೀನ್ ಅವ್ರ ಅರೇಬಿಕ್ ಸಿನಿಮಾದಲ್ಲಿ, ಕಬ್ಬು ಬೆಳೆಯೋ ರೈತರ ಪರ ನಿಲ್ಲೋ ಓದಿದ ಹುಡುಗನ ಪಾತ್ರ, ಎದುರಿಗೆ ಊರಿನ ದೊಡ್ಡ ಜಮೀನ್ದಾರ, ಅವ್ನ ಮಗಳೇ ನಾಯಕಿ. ಗೇಣಿ ರೈತರು ಜಮೀನ್ದಾರರ ವಿರುದ್ಧ ಮಾಡಿದ ಕಾಗೋಡು ಸತ್ಯಾಗ್ರಹದ ಕಥೆ ಕೇಳ್ಕೊಂಡು ಬೆಳೆದ ನಮ್ಗೆ ಅದು ದೂರದ ದೇಶದ್ದು ಅಂತ ಅನ್ಸೋದೇ ಇಲ್ಲ. ನಾಯಕಿ ಫಾತೆನ್ ಹಮಾಮಾ, ಮರು ವರ್ಷ ಇಬ್ರೂ ಮದ್ವೆ ಆದ್ರು.

ತೀರ್ಥಹಳ್ಳಿ ೭೭:
ಹೌದು, ಅದನ್ನ ಹೇಳ್ಲೇಬೇಕಿತ್ತು. ಕೊನೆಗಾಲದ್ದು ಅಂದ್ರೆ 2003ರ ಮೊಸ್ಯೂ ಇಬ್ರಾಹಿಂ, ಪ್ಯಾರಿಸ್ಸಲ್ಲಿ ದಿನಸಿ ಅಂಗಡಿ ಇಟ್ಕೊಂಡಿರೋ ಮುದುಕ, ಫ್ರಾನ್ಸಿನ ಸೀಸರ್ ಪ್ರಶಸ್ತಿ ಬಂತು. ನಂಗೆ ಇದೇ ಎಲ್ಲಕ್ಕಿಂತ ಇಷ್ಟ.

ಸಾಗರದ ಹುಡುಗ:
ಥ್ಯಾಂಕ್ಸ್ ಅಣ್ಣಾ, ಕಬ್ಬಿನ ರೈತರದ್ದೇ ಮೊದ್ಲು ನೋಡ್ತೀನಿ, ಅಪ್ಪನ್ನೂ ಕೂರಿಸ್ಕೊಂಡು.