ಅಣ್ಣನ ಸಾಲಕ್ಕೆ ಜಾಮೀನು ಹಾಕಬೇಕಾ? ಐನ್ ರ‍್ಯಾಂಡ್ ಓದಿದವರು ಸ್ವಲ್ಪ ಹೇಳಿ

ಸಾಗರದ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಾನು ಮೈಸೂರಿನಲ್ಲಿ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಊರು ಸಾಗರದ ಹತ್ತಿರ. ದೊಡ್ಡಪ್ಪನ ಮಗ ಗೂಡ್ಸ್ ಗಾಡಿ ತೆಗೆದುಕೊಳ್ಳಲು ಸೊಸೈಟಿಯಲ್ಲಿ 8 ಲಕ್ಷ ಸಾಲ ಕೇಳಿದ್ದಾನೆ. ಜಾಮೀನಿಗೆ ಇಬ್ಬರು ಬೇಕಂತೆ. ಒಬ್ಬರು ಅವನ ಭಾವ. ಇನ್ನೊಬ್ಬ ನಾನು ಅಂತ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿಯಾಗಿದೆ. ನನ್ನನ್ನು ಯಾರೂ ಕೇಳಲಿಲ್ಲ. ಅಪ್ಪ ಎಂದೋ ನನ್ನ ಹೆಸರಲ್ಲಿ ಷೇರು ಹಾಕಿಸಿದ್ದರಿಂದ ನಾನು ಆ ಸೊಸೈಟಿಯ ಸದಸ್ಯ ಬೇರೆ. "ಬರುವಾಗ ಸಂಬಳದ ಸರ್ಟಿಫಿಕೇಟ್ ತಗೊಂಡು ಬಾ" ಅಂತ ಅಮ್ಮ ಫೋನಿನಲ್ಲಿ ಹೇಳಿದರು, ಅರ್ಧ ಕೆಜಿ ಮೈಸೂರ್ ಪಾಕ್ ತಗೊಂಡು ಬಾ ಅನ್ನುವ ಹಾಗೆ.

ಈಚೆಗೆ ನಾನು ಅಮೆರಿಕದ ಲೇಖಕಿ ಐನ್ ರ‍್ಯಾಂಡ್ ಓದುತ್ತಿದ್ದೇನೆ. ಕಾದಂಬರಿಗಳಿಗಿಂತ ಪ್ರಬಂಧಗಳು ಹಿಡಿಸಿದವು. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಕಣ್ಣೆದುರು ಇರುವುದನ್ನು ಬುದ್ಧಿಯಿಂದ ತಿಳಿಯಬೇಕು, ಆಸೆಯಿಂದಲೋ ಹೆದರಿಕೆಯಿಂದಲೋ ಅಲ್ಲ. ನನ್ನ ಬದುಕು ಇನ್ನೊಬ್ಬರಿಗೆ ಬಲಿ ಕೊಡಲು ಇರುವುದಲ್ಲ. ನನಗಾಗಿ ಬಲಿಯಾಗು ಅಂತ ಇನ್ನೊಬ್ಬರನ್ನು ಕೇಳುವ ಹಕ್ಕೂ ನನಗಿಲ್ಲ. ಓದುವಾಗ ಎಲ್ಲ ಸಲೀಸು. ಮನೆ ಕಟ್ಟಿಸುವಾಗ ಅಡುಗೆಮನೆ ಆಗ್ನೇಯಕ್ಕೇ ಬರಬೇಕು ಅಂತ ಮಾವ ಹಟ ಹಿಡಿದರು. ನಾನು ಗಾಳಿ ಬೆಳಕು ನೋಡಿ ಈಶಾನ್ಯಕ್ಕೆ ಇಡಿಸಿದೆ. ಅದು ಕಷ್ಟವಾಗಲಿಲ್ಲ. ಗೋಡೆಗೆ ಬೇಜಾರಾಗಲ್ಲ. ಅಣ್ಣನಿಗೆ ಆಗುತ್ತೆ.

ಇನ್ನೊಂದು ವಿಷಯ ಇದೆ. ನನ್ನ ಬಿಎಸ್ಸಿ ಹಾಸ್ಟೆಲ್ ಫೀಸು ಕಟ್ಟಿದ್ದು ದೊಡ್ಡಪ್ಪ. ಆ ವರ್ಷ ಅಡಿಕೆಗೆ ಕೊಳೆರೋಗ ಬಂದು ಅಪ್ಪನ ಕೈಯಲ್ಲಿ ಏನೂ ಇರಲಿಲ್ಲ. ದೊಡ್ಡಪ್ಪ ಈಗಿಲ್ಲ. ಆ ಫೀಸಿನ ಮಾತನ್ನು ಇವತ್ತಿನವರೆಗೂ ಅವರ ಮನೆಯಲ್ಲಿ ಯಾರೂ ಎತ್ತಿಲ್ಲ. ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಈ ತತ್ವ ಒಪ್ಪಿದವನು ಇಲ್ಲ ಅನ್ನಲೇಬೇಕಾ? ಆ ಫೀಸು ನಾನು ತೀರಿಸಬೇಕಾದ ಬಾಕಿಯಾ? ದಯವಿಟ್ಟು "ಕುಟುಂಬವೇ ಮುಖ್ಯ" ಅಂತ ಒಂದು ಸಾಲು ಬರೆದು ಹೋಗಬೇಡಿ. ಅದಕ್ಕೆ ನಮ್ಮ ಮನೆ ವಾಟ್ಸ್ಯಾಪ್ ಗ್ರೂಪಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಹಳೇ ಲೆಡ್ಜರ್:

ಸಹಕಾರ ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು ರಿಟೈರ್ ಆದವನು ನಾನು. ತತ್ವ ಆಮೇಲೆ ನೋಡೋಣ, ಮೊದಲು ಕಾಗದ.

ಜಾಮೀನು ಅಂದರೆ "ಹುಡುಗ ಒಳ್ಳೆಯವನು" ಅಂತ ಸಾಕ್ಷಿ ಹಾಕುವುದು ಅಂತ ನಮ್ಮ ಜನ ತಿಳಿದಿದ್ದಾರೆ. ಹಾಗಲ್ಲ ಮೇಷ್ಟ್ರೇ. 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ನೋಡಿ. ಬೇರೆ ಥರ ಬರೆದುಕೊಂಡಿಲ್ಲದಿದ್ದರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಮೊದಲು ಸಾಲಗಾರನ ಆಸ್ತಿ ಮಾರಿ, ಸಾಲದಿದ್ದರೆ ಮಾತ್ರ ನಿಮ್ಮ ಹತ್ತಿರ ಬರಬೇಕು ಅಂತ ಏನೂ ಇಲ್ಲ. ಸಾಲ ಸುಸ್ತಿಯಾದರೆ ತಿಂಗಳ ಸಂಬಳ ಇರುವವನ ಹತ್ತಿರವೇ ನಾವು ಮೊದಲು ಹೋಗುತ್ತಿದ್ದೆವು. ಸುಲಭ ಅಲ್ವಾ? ಸರ್ಟಿಫಿಕೇಟ್ ಕೇಳುವುದು ಅದಕ್ಕೇ.

ಇಬ್ಬರು ಜಾಮೀನುದಾರರು ಅಂದರೆ ತಲಾ 4 ಲಕ್ಷ ಅಂತಲೂ ಅಲ್ಲ. ಪೂರ್ತಿ ನಿಮ್ಮೊಬ್ಬರಿಂದಲೇ ವಸೂಲಿ ಮಾಡಬಹುದು. ಆಮೇಲೆ ನೀವು ಆ ಭಾವನ ಹಿಂದೆ ಅವರ ಪಾಲಿಗಾಗಿ ಅಲೆಯಬೇಕು. ಕಟ್ಟಿದ್ದನ್ನು ಅಣ್ಣನಿಂದ ವಾಪಸ್ ಕೇಳುವ ಹಕ್ಕು ಕಾನೂನಿನಲ್ಲಿ ಇದೆ. ಆದರೆ ಸ್ವಂತ ಅಣ್ಣತಮ್ಮಂದಿರ ಮೇಲೆ ದಾವಾ ಹಾಕಿದವರನ್ನು ನನ್ನ ಸರ್ವಿಸಿನಲ್ಲಿ ಕಂಡಿದ್ದು ಬಹಳ ಕಡಿಮೆ. ಅಂದ ಹಾಗೆ, ಸೊಸೈಟಿ ಸಾಲದ ತಕರಾರು ಸಿವಿಲ್ ಕೋರ್ಟಿಗೂ ಹೋಗಲ್ಲ. 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಸೆಕ್ಷನ್ ಪ್ರಕಾರ ರಿಜಿಸ್ಟ್ರಾರ್ ಕಡೆಗೆ ಹೋಗುತ್ತೆ.

ಇನ್ನು ಲೆಕ್ಕ. 8 ಲಕ್ಷ, ಶೇ 12 ಬಡ್ಡಿ, 5 ವರ್ಷ ಅಂತಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 17,800 ರೂಪಾಯಿ. ಡೀಸೆಲ್, ಇನ್ಶೂರೆನ್ಸ್, ಟೈರು ಎಲ್ಲ ಕಳೆದು ಅಷ್ಟು ಉಳಿಯುತ್ತಾ? ಅಡಿಕೆ ಸೀಸನ್ ಮುಗಿದ ಮೇಲೆ ಏನು ಲೋಡ್ ಹೊಡೆಯುತ್ತಾನೆ? ನಿಮ್ಮ ಕಡೆ ಮಳೆಗಾಲದಲ್ಲಿ ಗಾಡಿ ಎಷ್ಟು ದಿನ ಸುಮ್ನೆ ನಿಲ್ಲುತ್ತೆ? ಅಣ್ಣನ ಜೊತೆ ಕೂತು ಬರೆಯಿರಿ. ನೀವು ಒಬ್ಬರೇ ಕೂತು ಊಹೆ ಮಾಡಬೇಡಿ.

ಗಾಂಧಿ ಬಜಾರ್ ಗಿರಿಜಮ್ಮ:

ಮೇಷ್ಟ್ರೇ, ನೀವು ಫಿಸಿಕ್ಸ್‌ನವರು ಅಂದ ಮೇಲೆ ನಮ್ಮ ಫಿಸಿಕ್ಸ್ ಮೇಷ್ಟ್ರು ಎಚ್ಚೆನ್, ಅಂದರೆ ಎಚ್. ನರಸಿಂಹಯ್ಯ, ನೆನಪಾದರು. ನ್ಯಾಷನಲ್ ಕಾಲೇಜಿನಲ್ಲಿ ನಡೆಯುತ್ತಿದ್ದ ಬೆಂಗಳೂರು ಸೈನ್ಸ್ ಫೋರಮ್ ಉಪನ್ಯಾಸಗಳಿಗೆ ನಾನು ಚಿಕ್ಕಂದಿನಿಂದ ಹೋದವಳು. ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ರಚಿಸಿದರು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೇ ಸವಾಲು ಹಾಕಿದರು. ಅದಕ್ಕಿಂತ ಗಟ್ಟಿಯಾದ ವಿಚಾರವಾದಿಯನ್ನು ಎಲ್ಲಿ ಹುಡುಕುತ್ತೀರಿ? ಆದರೆ ಆ ಮನುಷ್ಯ ಖಾದಿ ಉಟ್ಟು, ಮದುವೆಯಾಗದೆ, ಕಾಲೇಜಿನ ಹಾಸ್ಟೆಲ್ ರೂಮಿನಲ್ಲೇ ಇದ್ದರು. ದುಡಿಮೆಯೆಲ್ಲ ಸಂಸ್ಥೆಗೆ, ಹುಡುಗರಿಗೆ. ಬುದ್ಧಿ ಉಪಯೋಗಿಸುವವನು ತನ್ನ ಹಿತವನ್ನೇ ಮೊದಲು ನೋಡಬೇಕು ಅನ್ನುವುದು ರ‍್ಯಾಂಡ್ ಹಾಕಿದ ಗಂಟು. ನಮ್ಮಲ್ಲಿ ಆ ಗಂಟು ಇರಲಿಲ್ಲ.

ವ್ಯಕ್ತಿ ಸ್ವಾತಂತ್ರ್ಯವೂ ನಮಗೆ ಹೊಸದಲ್ಲ. ಪುರೋಹಿತರಿಲ್ಲದೆ, ಜಾತಕವಿಲ್ಲದೆ, ಹುಡುಗ ಹುಡುಗಿ ಒಪ್ಪಿದರೆ ಸಾಕು ಅಂತ ಕುವೆಂಪು ಮಂತ್ರಮಾಂಗಲ್ಯ ತಂದರು. 1966ರಲ್ಲಿ ಸ್ವಂತ ಮಗ ತೇಜಸ್ವಿಯವರ ಮದುವೆಯನ್ನೇ ಹಾಗೆ ಮಾಡಿದರು.

ಇನ್ನು ನಿಮ್ಮ ರ‍್ಯಾಂಡ್ ವಿಷಯ. 1926ರಲ್ಲಿ ರಷ್ಯಾ ಬಿಟ್ಟು ಅಮೆರಿಕಕ್ಕೆ ಹೋದಾಗ ಆಕೆ ಇಳಿದುಕೊಂಡಿದ್ದು ಎಲ್ಲಿ? ಷಿಕಾಗೊದಲ್ಲಿ, ತಾಯಿಯ ಕಡೆ ನೆಂಟರ ಮನೆಯಲ್ಲಿ. ಕರೆಸಿಕೊಂಡಿದ್ದೂ ಅವರೇ, ಹಾಲಿವುಡ್‌ಗೆ ಹೊರಟಾಗ ಕೈಗೆ ದುಡ್ಡು ಕೊಟ್ಟಿದ್ದೂ ಅವರೇ. ಅವರು ಲಾಭನಷ್ಟ ನೋಡಿ ಕೊಟ್ಟರಾ? ನಿಮ್ಮ ದೊಡ್ಡಪ್ಪ ಏನು ನೋಡಿ ಕೊಟ್ಟರು? ಇದನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿ.

ತರ್ಕದ ಹುಬ್ಬಳ್ಳಿ:

ಗಿರಿಜಮ್ಮನವರೇ, ಷಿಕಾಗೊ ಮಾತು ಖರೆ. ಆದರೆ ಸಹಾಯ ಮಾಡಬೇಡಿ ಅಂತ ರ‍್ಯಾಂಡ್ ಹೇಳಿಲ್ಲ ನೋಡ್ರಿ. 1963ರ ಒಂದು ಪ್ರಬಂಧದಲ್ಲಿ ಆಕೆ ಕೊಡುವ ಉದಾಹರಣೆ ಇದು: ಹೆಂಡತಿಯ ಕಾಯಿಲೆಗೆ ಗಂಡ ಇದ್ದಬದ್ದ ಹಣ ಸುರಿದರೆ ಅದು ತ್ಯಾಗ ಅಲ್ಲ, ಏಕೆಂದರೆ ಅವನಿಗೆ ಹಣಕ್ಕಿಂತ ಅವಳು ಹೆಚ್ಚು. ಹೆಚ್ಚಿನದನ್ನು ಬಿಟ್ಟು ಕಡಿಮೆಯದನ್ನು ಹಿಡಿದರೆ ಮಾತ್ರ ತ್ಯಾಗ. ಆಕೆ ಬೇಡ ಅಂದಿದ್ದು ಅದನ್ನು.

ಹಾಗಾಗಿ ಮೇಷ್ಟ್ರೇ, ಮನೆಯವರ ತೀರ್ಮಾನವನ್ನು ಪಕ್ಕಕ್ಕೆ ಇಡಿ. ದೊಡ್ಡಪ್ಪನ ಫೀಸನ್ನೂ ಪಕ್ಕಕ್ಕೆ ಇಡಿ. ನೀವು ಅದಕ್ಕೆ ಸಹಿ ಹಾಕಿರಲಿಲ್ಲ, ಅವರೂ ಕೇಳಿರಲಿಲ್ಲ. ಅದು ಬಾಕಿ ಅಲ್ಲ. ಅಣ್ಣ ನಿಮಗೆ ಎಷ್ಟು ಬೇಕಾದವನು? ಅಷ್ಟೇ ಪ್ರಶ್ನೆ. ವಾಪಸ್ ಬರದಿದ್ದರೂ ನಿಮ್ಮ ಹೆಂಡತಿ ಮಕ್ಕಳಿಗೆ ತೊಂದರೆಯಾಗದ ಮೊತ್ತ ಯಾವುದು ಅಂತ ನೋಡಿ, ಅದನ್ನು ಕೈಯಾರೆ ಕೊಟ್ಟುಬಿಡಿ. ಜಾಮೀನಿನಲ್ಲಿ ಆ ಮೊತ್ತ ನಿಮ್ಮ ಕೈಯಲ್ಲಿ ಇರಲ್ಲ.

ಚುರುಮುರಿ:

ನಾಳೆ ಊರಿನ ಮದುವೆಗೆ ಯಾರೂ ಕರೆಯದಿದ್ದರೆ ರ‍್ಯಾಂಡ್ ಬಂದು ಎಲೆ ಹಾಕಿ ಬಡಿಸ್ತಾರಾ? ಸುಮ್ನೆ ಕೇಳಿದೆ.

ಸಾಗರದ ಮೇಷ್ಟ್ರು:

ಎಲ್ಲರಿಗೂ ಥ್ಯಾಂಕ್ಸ್. ಚುರುಮುರಿ ಅವರಿಗೂ.

ಶನಿವಾರ ಊರಿಗೆ ಹೋಗಿದ್ದೆ. ಅಣ್ಣನ ಜೊತೆ ಲೆಕ್ಕ ಬರೆಯಲು ಕೂತೆ. ಮೊದಲು ಅವನಿಗೆ ಸಿಟ್ಟು ಬಂತು, "ನಾನೇನು ನಿನ್ನ ಸ್ಟೂಡೆಂಟಾ" ಅಂದ. ಆದರೂ ಕೂತ. ಮಂಡಿಯವರ ಲೋಡ್ ಸೀಸನ್ನಿನಲ್ಲಿ ಮಾತ್ರ ಖಾತ್ರಿ. ಜೂನ್‌ನಿಂದ ನಾಲ್ಕು ತಿಂಗಳು ಅವನ ಕಾಲಂನಲ್ಲಿ ಬರೆಯಲು ಏನೂ ಇರಲಿಲ್ಲ. ಅವನೇ ಪೆನ್ನು ಕೆಳಗಿಟ್ಟ.

ಜಾಮೀನು ಹಾಕಲ್ಲ ಅಂತ ಅವನಿಗೇ ಹೇಳಿದೆ, ಅಮ್ಮನ ಮೂಲಕ ಹೇಳಿಸಲಿಲ್ಲ. ಒಂದೂವರೆ ಲಕ್ಷ ಕೊಡುತ್ತೇನೆ ಅಂದೆ. ಹೆಂಡತಿಯನ್ನು ಕೇಳಿಯೇ ಹೇಳಿದ್ದು. ಅವನು ನನಗೆ ಬೇಕಾದವನು. ಅವನ ಗಾಡಿಯ ಲೆಕ್ಕದ ಮೇಲೆ ಮಾತ್ರ ನನಗೆ ನಂಬಿಕೆ ಇಲ್ಲ. ಹೊಸ ಗಾಡಿ ಬಿಟ್ಟು ಸೆಕೆಂಡ್ ಹ್ಯಾಂಡ್ ನೋಡುತ್ತೇನೆ, 4 ಲಕ್ಷ ಸಾಲ ಸಾಕು ಅನ್ನುತ್ತಿದ್ದಾನೆ. ಅಮ್ಮ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಫೀಸಿನ ವಿಷಯದಲ್ಲಿ ಹುಬ್ಬಳ್ಳಿಯವರ ಮಾತು ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಸಹಿ ಇಲ್ಲದ್ದು ಬಾಕಿಯೇ ಅಲ್ಲ ಅನ್ನುವುದು ಕಾನೂನಿಗೆ ಸರಿ. ದೊಡ್ಡಪ್ಪ ಫೀಸು ಕಟ್ಟಿದ್ದು ನಾನು ಓದಲಿ ಅಂತ. ಅಣ್ಣನ ಎರಡನೇ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಅವಳ ಪಿಯು ಫೀಸು ನಾನು ಕಟ್ಟುತ್ತೇನೆ ಅಂತ ಅತ್ತಿಗೆಗೆ ಹೇಳಿ ಬಂದೆ. ಗಾಡಿಗೂ ಅದಕ್ಕೂ ಸಂಬಂಧ ಇಲ್ಲ ಅಂತಲೂ ಹೇಳಿದೆ. ಇದು ರ‍್ಯಾಂಡ್ ಪ್ರಕಾರ ಸರಿಯೋ ತಪ್ಪೋ, ನನ್ನ ಪ್ರಕಾರ ಸರಿ.

ಲೆಡ್ಜರ್ ಸರ್, ಒಂದು ಪ್ರಶ್ನೆ. ಈಗ ಅವನು ಗಾಡಿ ಫೈನಾನ್ಸ್ ಕಂಪನಿಯವರ ಹತ್ತಿರ ಹೋಗುತ್ತೇನೆ ಅನ್ನುತ್ತಾನೆ. ಅವರೂ ಶೇ 12 ಅಂತಲೇ ಹೇಳಿದ್ದಾರಂತೆ. ಏನು ನೋಡಬೇಕು?

ಹಳೇ ಲೆಡ್ಜರ್:

ಶೇ 12 ಫ್ಲಾಟಾ (ಕೊನೆಯವರೆಗೂ ಪೂರ್ತಿ ಸಾಲದ ಮೇಲೇ ಬಡ್ಡಿ), ಉಳಿದ ಅಸಲಿನ ಮೇಲಾ ಅಂತ ಮೊದಲು ಕೇಳಲು ಹೇಳಿ. 4 ಲಕ್ಷಕ್ಕೆ 5 ವರ್ಷ ಫ್ಲಾಟ್ ಆದರೆ ಬಡ್ಡಿಯೇ 2.4 ಲಕ್ಷ, ಕಂತು ಸುಮಾರು 10,670. ಉಳಿದ ಅಸಲಿನ ಮೇಲಾದರೆ ಕಂತು 8,900. ಹೇಳುವಾಗ ಎರಡಕ್ಕೂ ಶೇ 12 ಅಂತಲೇ ಹೇಳುತ್ತಾರೆ. ಅವರೂ ಜಾಮೀನು ಕೇಳಬಹುದು, ಅದಕ್ಕೆ ನಿಮ್ಮ ಉತ್ತರ ರೆಡಿ ಇದೆ. ಸೆಕೆಂಡ್ ಹ್ಯಾಂಡ್ ಆದ್ದರಿಂದ ಆರ್‌ಸಿಯಲ್ಲಿ ಹಳೇ ಸಾಲದ ಹೈಪಾಥಿಕೇಶನ್, ಅಂದರೆ ಗಾಡಿ ಸಾಲಕ್ಕೆ ಅಡವು ಅನ್ನುವ ನಮೂದು, ಹಾಗೇ ಉಳಿದಿದೆಯಾ ನೋಡಿ. ಇದ್ದರೆ ಬಾಕಿ ಇಲ್ಲ ಅಂತ ಹಳೇ ಸಾಲ ಕೊಟ್ಟವರು ಬರೆದುಕೊಡುವ ಎನ್‌ಒಸಿ ಕೈಗೆ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ.